ಶುಯಿಮು ಅಜ್ಜನಿಗೆ ಬಂದ ಶೋಕಪಟ

ತೈವಾನಿನ ಬೋವೆಯ್ ನಗರದ ಮೇಯರ್ ಗಾವ್ ಲಿಯೆನ್ ತೊಡುತ್ತಿದ್ದ ತೋಳಿಲ್ಲದ ಮೇಲಂಗಿಗೆ ಎರಡು ಮುಖ. ಒಂದು ಹಳದಿ, ಬೆನ್ನ ಮೇಲೆ ಅವಳ ಹೆಸರು ಬೀದಿಯ ಆಚೆ ತುದಿಯಿಂದಲೂ ಓದಬಹುದಾದಷ್ಟು ದೊಡ್ಡ ಕೆಂಪು ಅಕ್ಷರಗಳಲ್ಲಿ. ಒಳಗನ್ನು ಹೊರಗೆ ಮಾಡಿದರೆ ಕಪ್ಪು. ಅದೇ ಹೆಸರು, ಅಕ್ಷರ ಮಾತ್ರ ಬಿಳಿ. ಹಳದಿ ಮದುವೆಗೆ, ಕಪ್ಪು ಸಾವಿಗೆ. ಕಾರಿನ ಹಿಂದಿನ ಸೀಟಿನಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗಲು ಅವಳಿಗೆ ಒಂಬತ್ತು ಸೆಕೆಂಡು ಸಾಕಿತ್ತು. ಹೊಲಿದುಕೊಟ್ಟ ಮಾರುಕಟ್ಟೆಯ ದರ್ಜಿಯನ್ನು ಯಾರಿಗೂ ಹೇಳಬೇಡ ಎಂದು ಕೇಳಿಕೊಂಡಿದ್ದಳು. ಒಂದು ತಿಂಗಳೊಳಗೆ ಶಾಸಕ ಶಾವ್ ಅಂಥವೇ ಮೂರು ಹೊಲಿಸಿಕೊಂಡ.

ರಸ್ತೆ ಕಿತ್ತುಹೋದರೆ ಬೋವೆಯ್ ಜನ ಮರೆಯುತ್ತಾರೆ. ನೀರು ಎರಡು ದಿನ ಬಾರದಿದ್ದರೂ ಮರೆಯುತ್ತಾರೆ. ಅಪ್ಪನ ಅಂತ್ಯಕ್ರಿಯೆಗೆ ಯಾರು ಬರಲಿಲ್ಲ ಎನ್ನುವುದನ್ನು ಮಾತ್ರ ಮೊಮ್ಮಕ್ಕಳ ಕಾಲದವರೆಗೂ ನೆನಪಿಡುತ್ತಾರೆ. ಪಂಚಾಂಗದಲ್ಲಿ ಒಳ್ಳೆಯ ದಿನ ಬಿತ್ತೆಂದರೆ ಊರಿನಲ್ಲಿ ಐದಾರು ಅಂತ್ಯಕ್ರಿಯೆಗಳು ಒಟ್ಟಿಗೇ ಇರುತ್ತವೆ. ಆ ದಿನ ನಗರಸಭೆಯಲ್ಲಿ ಕಡತಗಳು ಅಲುಗುವುದಿಲ್ಲ. ಮೇಯರ್ ಒಂದು ಚಪ್ಪರದಿಂದ ಇನ್ನೊಂದು ಚಪ್ಪರಕ್ಕೆ ಓಡುತ್ತಾಳೆ, ಹೆಸರು ಕೂಗಿದಾಗ ಮುಂದೆ ಬಂದು ನಿಲ್ಲುತ್ತಾಳೆ, ಸತ್ತವರ ಫೋಟೋಗೆ ಸೊಂಟ ಬಗ್ಗಿಸಿ ಮೂರು ಸಲ ನಮಿಸುತ್ತಾಳೆ, ಎಡಕ್ಕೆ ಸಾಲಾಗಿ ನಿಂತ ಮನೆಯವರು ತಿರುಗಿ ನಮಿಸುತ್ತಾರೆ, ಅವಳು ಕಾರು ಹತ್ತುತ್ತಾಳೆ. ಮೇಯರ್ ಆದ ಐದು ವರ್ಷಗಳಲ್ಲಿ ಲಿಯೆನ್ ಹೀಗೆ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ನಮಿಸಿದ್ದಳು. ಅವರಲ್ಲಿ ಬದುಕಿದ್ದಾಗ ಅವಳು ಕಂಡವರು ನೂರು ಮಂದಿ ಇದ್ದರೆ ಹೆಚ್ಚು.

ಅವಳು ಹುಟ್ಟಿದ್ದು ತೈವಾನಿನಲ್ಲಲ್ಲ. ವಿಯೆಟ್ನಾಮಿನ ದಕ್ಷಿಣದ ತುದಿಯಲ್ಲಿರುವ ಕಾ ಮಾವ್‌ನಲ್ಲಿ ಬಾತುಕೋಳಿ ಕಾಯುತ್ತಿದ್ದ ಕಾವ್ ವಾನ್ ಉತ್ ಎಂಬುವನ ಮೂರನೆಯ ಮಗಳು. ಅಲ್ಲಿ ಅವಳ ಹೆಸರು ಸೆನ್, ಅಂದರೆ ತಾವರೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮದುವೆ ದಲ್ಲಾಳಿ ತೋರಿಸಿದ ಆ-ಹೊಕ್‌ನನ್ನು ಕಟ್ಟಿಕೊಂಡು ಬೋವೆಯ್‌ಗೆ ಬಂದಳು. ಆ-ಹೊಕ್ ದಿನಕ್ಕೆ ನಲವತ್ತು ಮಾತಾಡುವವನು. ಅದರಲ್ಲಿ ಅರ್ಧ ಅಡಿಕೆ ಅಂಗಡಿಯವಳೊಂದಿಗೆ. ಇಲ್ಲಿನ ಕಾಗದಪತ್ರಗಳಲ್ಲಿ ಕಾವ್ ಎಂಬ ಮನೆಹೆಸರು ಗಾವ್ ಆಯಿತು, ಅದೇ ತಾವರೆ ಲಿಯೆನ್ ಆಯಿತು.

ಅತ್ತೆಗೆ ಮಾರುಕಟ್ಟೆಯ ಮೂಲೆಯಲ್ಲಿ ಹಂದಿಕಾಲಿನ ಶಾವಿಗೆಯ ಅಂಗಡಿಯಿತ್ತು. ಅದು ಗ್ರಹಚಾರ ಕೆಟ್ಟವರ ಊಟ. ಜೈಲಿನಿಂದ ಬಿಟ್ಟು ಬಂದವರು, ಲಾರಿಗೆ ಸಿಕ್ಕಿಯೂ ಬದುಕಿದವರು, ಸುಳ್ಳು ಕೇಸಿನಿಂದ ಬಿಡುಗಡೆಯಾದವರು, ನಿಜವಾದ ಕೇಸಿನಿಂದ ಬಿಡುಗಡೆಯಾದವರು, ಎಲ್ಲರೂ ಮನೆಗೆ ಹೋಗುವ ಮೊದಲು ಅಲ್ಲಿಗೆ ಬಂದು ಒಂದು ಬಟ್ಟಲು ತಿಂದು ಮೈಗಂಟಿದ ಕೆಡುಕನ್ನು ಬಿಡಿಸಿಕೊಂಡು ಹೋಗುತ್ತಿದ್ದರು. ಶಾವಿಗೆಯ ಎಳೆಯನ್ನು ಕತ್ತರಿಸುವಂತಿಲ್ಲ, ಹಲ್ಲಿನಿಂದ ತುಂಡರಿಸುವಂತಿಲ್ಲ, ಆಯುಷ್ಯ ತುಂಡಾಗುತ್ತದೆ. ಅತ್ತೆಗೆ ಹಲ್ಲಿರಲಿಲ್ಲ. ಎಳೆ ಹರಿಯದಂತೆ, ಆದರೆ ನಾಲಿಗೆಗೆ ತಗುಲಿದರೆ ಕರಗುವಂತೆ ಶಾವಿಗೆ ಬೇಯಿಸುವುದನ್ನು ಲಿಯೆನ್ ಅತ್ತೆಯ ಕೊನೆಯ ನಾಲ್ಕು ವರ್ಷಗಳಲ್ಲಿ ಕಲಿತಳು.

ಅತ್ತೆ ತೀರಿಕೊಂಡ ದಿನ ಜಡಿಮಳೆ. ವಾರ್ಡಿನ ಮುಖ್ಯಸ್ಥ ಬರಲಿಲ್ಲ. ಆ-ಹೊಕ್ ಆ ದಿನದ ನಲವತ್ತು ಮಾತುಗಳನ್ನೂ ಅವನನ್ನು ಬೈಯುವುದಕ್ಕೆ ಖರ್ಚು ಮಾಡಿ, ಕೊನೆಯಲ್ಲಿ ಹೆಂಡತಿಗೆ, "ನೀನೇ ನಿಂತ್ಕೋ," ಎಂದ. ಅವಳು ಚುನಾವಣೆಗೆ ನಿಂತಳು. ಪ್ರಚಾರಕ್ಕೆ ಮೊದಲು ಬಂದ ಹನ್ನೊಂದು ಜನರಲ್ಲಿ ಏಳು ಮಂದಿ ಜೈಲು ಕಂಡವರು, ನಾಲ್ವರು ಆಸ್ಪತ್ರೆ ಕಂಡವರು. ಎಲ್ಲರೂ ಅವಳ ಶಾವಿಗೆ ಉಂಡವರು. ಗೆದ್ದಳು.

ಕೆಲವು ವರ್ಷಗಳ ನಂತರ ಮೇಯರ್ ಸ್ಥಾನಕ್ಕೆ ನಿಂತಾಗ ಅವಳಿಗೆ ಹನ್ನೊಂದು ಸಾವಿರದ ಇನ್ನೂರ ನಾಲ್ಕು ಓಟು ಬಿದ್ದವು. ಎದುರಾಳಿಗೂ ಅಷ್ಟೇ. ಮೂರು ಸಲ ಎಣಿಸಿದರು. ಕೊನೆಗೆ ಕಾನೂನಿನಂತೆ ಚೀಟಿ ಎತ್ತಿಸಿದರು. ಎದುರಾಳಿ ಚಕ್ಕೋತದ ಎಲೆ ಹಾಕಿದ ನೀರಿನಲ್ಲಿ ಮಿಂದು, ಏಳು ಗುಡಿ ಸುತ್ತಿ, ಬಿಳಿ ಕೈಗವಸು ತೊಟ್ಟು ಬಂದಿದ್ದ. ಲಿಯೆನ್ ಅಂಗಡಿಯಿಂದ ನೇರ ಬಂದಿದ್ದಳು. ಅವಳ ಕೈ ಹಂದಿಕಾಲಿನ ಸಾರಿನ ವಾಸನೆ ಹೊಡೆಯುತ್ತಿತ್ತು. ಅದೇ ಕೈಗೆ ಗೆಲ್ಲುವ ಚೀಟಿ ಬಂತು.

ಈ ಕಥೆ ನಡೆದದ್ದು ಅವಳ ಎರಡನೆಯ ಅವಧಿಯಲ್ಲಿ, ಅವಳು ರಾಜಧಾನಿಯ ಶಾಸನಸಭೆಗೆ ಶಾವ್‌ನ ಎದುರು ಸ್ಪರ್ಧಿಸಿದಾಗ. ಮತದಾನಕ್ಕೆ ಇನ್ನೂ ಹತ್ತೊಂಬತ್ತು ದಿನವಿತ್ತು.

ಬೋವೆಯ್‌ನಲ್ಲಿ ಯಾರಾದರೂ ಸತ್ತರೆ ರಾಜಕಾರಣಿಗಳ ಕಚೇರಿಯಿಂದ ಮನೆಗೆ ಶೋಕಪಟ ಹೋಗುತ್ತದೆ: ಬಿಳಿ ಬಟ್ಟೆಯ ಮೇಲೆ ನಾಲ್ಕು ದೊಡ್ಡ ಕಪ್ಪು ಅಕ್ಷರ, ಕೆಳಗೆ ಕಳಿಸಿದವರ ಹೆಸರು. ಮೊದಲು ತಲುಪಿದ ಪಟ ಫೋಟೋದ ನೇರ ಮೇಲೆ ತೂಗುತ್ತದೆ. ಹತ್ತನೆಯದು ಕಕ್ಕಸಿನ ಗೋಡೆಗೆ. ಆದ್ದರಿಂದ ಪ್ರತಿ ಕಚೇರಿಗೂ ಹೂವಿನ ಅಂಗಡಿಯಲ್ಲಿ, ಆಸ್ಪತ್ರೆಯ ಲಿಫ್ಟಿನ ಬಳಿ, ಹಾಡು ಕಲಿಸುವ ತರಗತಿಯಲ್ಲಿ ಒಬ್ಬೊಬ್ಬರು ಕಿವಿಗೊಟ್ಟವರಿದ್ದರು. ಲಿಯೆನ್‌ಳ ಕಾರ್ಯದರ್ಶಿ ಫಾನ್ ಅವರೆಲ್ಲರಿಗಿಂತ ಚುರುಕು. ಅವನ ಕಿವಿ ಇದ್ದದ್ದು ಯುಚಾನ್‌ಳ ಫೋಟೋ ಅಂಗಡಿಯಲ್ಲಿ. ಸತ್ತವರ ದೊಡ್ಡ ಫೋಟೋ ಮಾಡಿಸದೆ ಯಾವ ಚಪ್ಪರವೂ ಏಳುವುದಿಲ್ಲ.

ಆ ಸೋಮವಾರ ಬೆಳಿಗ್ಗೆ ಯುಚಾನ್ ಫೋನ್ ಮಾಡಿ, ದಕ್ಷಿಣ ಬೀದಿಯ ಊ ಶುಯಿಮು ಅಜ್ಜನ ಫೋಟೋಗೆ ಕಪ್ಪು ಚೌಕಟ್ಟು ಹಾಕಿಸಿಕೊಂಡು ಹೋದರು ಎಂದಳು. ಅಜ್ಜನಿಗೆ ತೊಂಬತ್ತೊಂದು. ದಕ್ಷಿಣ ಬೀದಿಯಲ್ಲಿ ಊ ಮನೆತನದ್ದೇ ನಾನೂರು ಓಟು. ನಲವತ್ತು ನಿಮಿಷದಲ್ಲಿ ಪಟ ಅಜ್ಜನ ಅಂಗಳ ಸೇರಿತ್ತು.

ಪಟ ಒಯ್ದ ಹುಡುಗಿ ಮೇಯರಿಗೆ ಫೋನ್ ಮಾಡಿದಳು.

"ಮೇಯರಮ್ಮಾ, ಕೊಟ್ಟಾಯ್ತು. ಸಹೀನೂ ಹಾಕಿಸ್ಕೊಂಡೆ."

"ಯಾರ್ದು ಸಹಿ?"

"ಸತ್ತೋರದ್ದು."

ಲಿಯೆನ್ ಕಾರು ನಿಲ್ಲಿಸಲು ಹೇಳಿದಳು. ಪಕ್ಕದಲ್ಲಿ ಕೂತಿದ್ದ ಫಾನ್‌ನ ಮುಖ ನೋಡಿದಳು.

"ಚೌಕಟ್ಟು ಹಾಕಿಸ್ಕೊಂಡು ಹೋದ್ರು ಅಂದ್ರೆ ನಾನೇನ್ ತಿಳ್ಕೋಬೇಕಿತ್ತು?" ಎಂದ ಫಾನ್.

"ಹೋದೋರು ಯಾರು?"

"ಅವರೇ ಅಂತೆ. ಸ್ಕೂಟರ್ ಮೇಲೆ."

"ಏನಪ್ಪಾ ಫಾನ್, ಸತ್ತೋರು ಅವರ ಫೋಟೋನ ಅವರೇ ಸ್ಕೂಟರ್ ಮೇಲೆ ಬಂದು ತಗೊಂಡು ಹೋಗ್ತಾರಾ?"

"ಸ್ಕೂಟರ್ ವಿಷ್ಯ ಯುಚಾನ್ ಆಮೇಲೆ ಹೇಳಿದ್ಲು."

ಊರಿನ ಹಿರಿಯರು ಕೊನೆಯ ಬಟ್ಟೆ, ಕೊನೆಯ ಫೋಟೋ ಎರಡನ್ನೂ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುವುದು ಫಾನ್‌ಗೆ ಗೊತ್ತಿಲ್ಲದ್ದಲ್ಲ. ಅವನ ಅಮ್ಮನ ಫೋಟೋ ಹನ್ನೆರಡು ವರ್ಷದಿಂದ ಬೀರುವಿನಲ್ಲಿತ್ತು. ಆದರೆ ಶಾವ್‌ನ ಕಚೇರಿಗಿಂತ ಮೊದಲು ತಲುಪಬೇಕೆಂಬ ಅವಸರದಲ್ಲಿ ಮನುಷ್ಯನಿಗೆ ಅಮ್ಮನೂ ನೆನಪಾಗುವುದಿಲ್ಲ.

ಬದುಕಿದ್ದವರಿಗೆ ಶೋಕಪಟ ಹೋದರೆ ಅದಕ್ಕೆ ಒಂದೇ ಪರಿಹಾರ. ಕೆಡುಕು ತಂದವರೇ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿ, ಪಟಾಕಿ ಹೊಡೆದು, ತಮ್ಮ ಕೈಯಾರೆ ಹಂದಿಕಾಲಿನ ಶಾವಿಗೆ ಉಣಿಸಬೇಕು. ಇದರಲ್ಲಿ ಇಡೀ ಊರಿನಲ್ಲಿ ಲಿಯೆನ್‌ಳಷ್ಟು ಕೈಪಳಗಿದವರಿರಲಿಲ್ಲ. ಎರಡು ಗಂಟೆಯೊಳಗೆ ಬಟ್ಟಲು ಹಿಡಿದು ಅಜ್ಜನ ಅಂಗಳದಲ್ಲಿದ್ದಳು. ಮೇಲಂಗಿಯ ಹಳದಿ ಮುಖ ಹೊರಗಿತ್ತು. ಕಾರಿನಲ್ಲಿ ಎರಡು ಸಲ ಪರೀಕ್ಷಿಸಿಕೊಂಡಿದ್ದಳು.

ಅಜ್ಜ ಬಿದಿರಿನ ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು, ಎದುರಿನ ಹಗ್ಗಕ್ಕೆ ಪಟ ನೇತುಹಾಕಿ ಓದುತ್ತಿದ್ದ.

"ಬಾ ಮೇಯರಮ್ಮಾ. ಇದೇನಮ್ಮಾ ಇದು?"

"ತಪ್ಪಾಯ್ತು ಅಜ್ಜ. ದೊಡ್ಡ ತಪ್ಪು. ಕಾಲಿಗೆ ಬೀಳ್ತೀನಿ."

"ಸತ್ತ ಅಂದಿದ್ದಕ್ಕೆ ಬೇಜಾರಿಲ್ಲ. ತೊಂಬತ್ತೊಂದು ವರ್ಷಕ್ಕೆ ಯಾರಿಗಾದ್ರೂ ಹಾಗನ್ಸುತ್ತೆ. ಆದ್ರೆ ಓದು ಇದನ್ನ."

ಲಿಯೆನ್ ಓದಿದಳು. 'ಅರಳುವ ಮುನ್ನ ಉದುರಿದ ಹೂವು' ಎಂಬರ್ಥದ ನಾಲ್ಕು ಅಕ್ಷರಗಳು. ಕಚೇರಿಯಲ್ಲಿದ್ದ ಸಿದ್ಧ ಸಾಲುಗಳ ಪಟ್ಟಿಯಲ್ಲಿ ಅದು ಆರನೆಯದು. ಮದುವೆಯಾಗದೆ ತೀರಿಕೊಂಡ ಹೆಣ್ಣುಮಕ್ಕಳಿಗೆ. ಎಂಬತ್ತು ದಾಟಿದ ಗಂಡಸರದ್ದು ಒಂಬತ್ತನೆಯದು.

"ನಾನು ಹೂವಾ?" ಎಂದ ಅಜ್ಜ. "ನಲವತ್ತು ವರ್ಷ ನೀರಾವರಿ ಸಂಘದಲ್ಲಿ ತೂಬು ತೆಗೆದು ಮುಚ್ಚಿದೋನು ನಾನು. ನನ್ನ ಕಂಡ್ರೆ ಎಮ್ಮೆ ದಾರಿ ಬಿಡ್ತಿದ್ವು."

"ಬೇರೆ ಬರೆಸ್ತೀನಿ ಅಜ್ಜ... ಅಲ್ಲ, ಬೇರೇದು ಬೇಡ, ಇದನ್ನ ಸುಟ್ಟುಹಾಕ್ತೀನಿ. ಮೊದಲು ಒಂದು ಎಳೆ ತಿನ್ನಿ."

ಅಷ್ಟರಲ್ಲಿ ಗೇಟಿನಲ್ಲಿ ಮತ್ತೊಂದು ಪಟ ಬಂತು. ನಗರಸಭೆಯ ಉಪಾಧ್ಯಕ್ಷನದ್ದು. ಹಿಂದೆಯೇ ಮೀನುಗಾರರ ಸಂಘದ್ದು. ಮೇಯರಿನ ಪಟ ದಕ್ಷಿಣ ಬೀದಿಗೆ ಹೋಯಿತೆಂದು ತಿಳಿದ ಕೂಡಲೇ ಎಲ್ಲ ಕಚೇರಿಗಳೂ ತಡವಾಯಿತೆಂದು ಹೌಹಾರಿದ್ದವು. ಮೇಯರ್ ಕಳಿಸಿದ್ದಾಳೆಂದರೆ ಸತ್ತಿರಲೇಬೇಕು; ವಿಚಾರಿಸುತ್ತ ಕೂತರೆ ಕಕ್ಕಸಿನ ಗೋಡೆಯೇ ಗತಿ. ಸಂಜೆಯೊಳಗೆ ಅಂಗಳದ ಹಗ್ಗದಲ್ಲಿ ಹದಿನೇಳು ಪಟಗಳು ತೂಗಿದವು. ಎಲ್ಲಕ್ಕೂ ಅಜ್ಜನೇ ಸಹಿ ಹಾಕಿದ. ತಂದವರಲ್ಲಿ ಒಬ್ಬನೇ ಒಬ್ಬ, "ನೀವು ಸತ್ತೋರಿಗೆ ಏನಾಗ್ಬೇಕು?" ಎಂದು ಕೇಳಿದ. "ತುಂಬಾ ಹತ್ತಿರದೋನು," ಎಂದ ಅಜ್ಜ. ಶಾವ್‌ನ ಪಟ ಎಂಟನೆಯದು. ಅದರಲ್ಲಿ ಅಕ್ಷರ ಸರಿಯಾಗಿತ್ತು. ಲಿಯೆನ್‌ಗೆ ಅದು ಹೆಚ್ಚು ಉರಿಯಿತು.

ಶಾವಿಗೆ ಆರಿಹೋಗಿತ್ತು. ಅಜ್ಜ ಮುಟ್ಟಿರಲಿಲ್ಲ.

"ನೋಡಮ್ಮಾ," ಎಂದ, "ಈ ಅಂಗಳಕ್ಕೆ ಆರು ವರ್ಷದಿಂದ ಯಾರೂ ಬಂದಿಲ್ಲ. ಇವತ್ತು ಹದಿನೇಳು ಜನ ಬಂದ್ರು. ನಾನು ಇದನ್ನ ತಿಂದೆ ಅಂದ್ರೆ ಬದುಕಿದೆ ಅಂತಾಯ್ತು. ಬದುಕಿರೋ ಮುದುಕನ್ನ ನೋಡೋಕೆ ಯಾರು ಬರ್ತಾರೆ? ನಾನು ತಿನ್ನಲ್ಲ."

"ಅಜ್ಜ, ತಿನ್ನದೆ ಇದ್ರೆ ಕೆಟ್ಟದ್ದು ಹಾಗೇ ಉಳಿಯುತ್ತೆ."

"ಉಳೀಲಿ. ಜೊತೆಗೊಬ್ರು ಇದ್ದಂಗಾಗುತ್ತೆ."

ಮರುದಿನವೇ ಊರಿಗೆಲ್ಲ ಸುದ್ದಿ. ಶಾವ್‌ನ ಪ್ರಚಾರದ ವ್ಯಾನು ದಕ್ಷಿಣ ಬೀದಿಯಲ್ಲಿ ನಿಧಾನವಾಗಿ ಸಾಗುತ್ತ, ಶುಯಿಮು ಅಜ್ಜನ ದೀರ್ಘಾಯುಷ್ಯಕ್ಕಾಗಿ ಶಾಸಕರು ಹಗಲಿರುಳು ಪ್ರಾರ್ಥಿಸುತ್ತಿದ್ದಾರೆ ಎಂದು ಧ್ವನಿವರ್ಧಕದಲ್ಲಿ ಹೇಳಿತು. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ. ಮತದಾನದೊಳಗೆ ಅಜ್ಜ ಸತ್ತರೆ ಕೊಂದದ್ದು ಮೊದಲ ಪಟ, ಎಂಟನೆಯದಲ್ಲ. ತರಕಾರಿ ಮಾರುವವರು ಮೇಯರ್ ಕಂಡರೆ, "ಅಜ್ಜ ಇದ್ದಾರಾ?" ಎಂದು ಕೇಳತೊಡಗಿದರು. ಪಕ್ಷದ ಹಿರಿಯರು ದಿನಕ್ಕೆರಡು ಸಲ ಅದನ್ನೇ ಕೇಳುತ್ತಿದ್ದರು. ಫಾನ್ ಒಬ್ಬ ವೈದ್ಯನನ್ನು ಅಜ್ಜನ ಎದುರುಮನೆಯಲ್ಲಿ ಬಾಡಿಗೆಗಿಟ್ಟ.

ಲಿಯೆನ್ ದಿನವೂ ಹೋದಳು. ಬೆಳಿಗ್ಗೆ ಅಂತ್ಯಕ್ರಿಯೆಗಳನ್ನು ಮುಗಿಸಿ, ಅಂಗಿ ತಿರುಗಿಸಿ, ಅಂಗಡಿಯಲ್ಲಿ ತಾನೇ ಶಾವಿಗೆ ಬೇಯಿಸಿಕೊಂಡು ಹನ್ನೊಂದಕ್ಕೆ ಅಂಗಳ ಸೇರುವಳು. ಅಜ್ಜ ಬಟ್ಟಲಿನ ಮುಚ್ಚಳ ತೆಗೆದು ಮೂಸುವನು. "ಸೋಂಪು ಚೂರು ಜಾಸ್ತಿ," ಎನ್ನುವನು. ಮುಚ್ಚುವನು. ನಂತರ ತನ್ನ ಅಂತ್ಯಕ್ರಿಯೆಯಲ್ಲಿ ಏನು ಓದುವೆ ಎಂದು ಕೇಳುವನು. ಫಾನ್ ಬರೆದುಕೊಟ್ಟ ಹೊಗಳಿಕೆಯ ಹಾಳೆಯನ್ನು ಅವಳು ಓದಿದರೆ ಸಾಲುಸಾಲಿಗೂ ತಿದ್ದುವನು.

"'ಪತ್ನಿಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದರು.' ಯಾರಮ್ಮಾ ಹೇಳಿದ್ದು? ಐವತ್ತು ವರ್ಷ ಒಬ್ರಿಗೊಬ್ರು ಮುಖ ಕೊಟ್ಟು ಮಾತಾಡ್ಲಿಲ್ಲ. ತೆಗೆ ಅದನ್ನ."

"ಏನಂತ ಹಾಕ್ಲಿ?"

"'ಪತ್ನಿ ಮೀನು ಚೆನ್ನಾಗಿ ಹುರೀತಿದ್ರು' ಅಂತ ಹಾಕು. ಅದು ನಿಜ."

ಹನ್ನೊಂದನೆಯ ದಿನ ಅಜ್ಜ ಹಾಳೆಯನ್ನು ಪಕ್ಕಕ್ಕಿಟ್ಟ.

"ಈ ಊರಲ್ಲಿ ಸತ್ತೋರಿಗೆಲ್ಲ ಬಗ್ಗಿದೀಯ. ನಿಮ್ಮಪ್ಪ ಇದಾನಾ?"

"ಇಲ್ಲ ಅಜ್ಜ. ಹೋಗಿ ಐದು ವರ್ಷ ಆಯ್ತು."

"ಎಷ್ಟು ಜನ ಬಂದಿದ್ರು?"

"ಗೊತ್ತಿಲ್ಲ. ನಾನು ಹೋಗ್ಲಿಲ್ಲ."

"ವೀಸಾ ಕೊಡ್ಲಿಲ್ವಾ?"

ಎಲ್ಲರಿಗೂ ಅವಳು ಹಾಗೆಯೇ ಹೇಳುತ್ತಿದ್ದಳು. ಆ-ಹೊಕ್‌ಗೂ ಹಾಗೆಯೇ ಹೇಳಿದ್ದಳು. ಅಜ್ಜ ತನ್ನ ಬಗೆಗಿನ ಸುಳ್ಳುಗಳನ್ನೆಲ್ಲ ಹತ್ತು ದಿನ ಹೊಡೆದುಹಾಕಿದ್ದನ್ನು ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ.

"ಕೊಟ್ಟಿದ್ರು. ಟಿಕೆಟ್ಟೂ ಇತ್ತು. ಮೇಯರ್ ಎಲೆಕ್ಷನ್‌ಗೆ ಮೂರು ದಿನ ಇತ್ತು. ಅವತ್ತೇ ಉತ್ತರ ಬೀದಿ ಯೋ ಮನೆ ಅಜ್ಜೀದು ಇತ್ತು. ಒಂಬೈನೂರು ಜನ ಸೇರ್ತಾರೆ ಅಂದ್ರು. ಅಲ್ಲಿಗೆ ಹೋದೆ."

"ಆ ಮುದುಕಿಗಾ?" ಅಜ್ಜ ಕುರ್ಚಿಯಲ್ಲಿ ನೆಟ್ಟಗೆ ಕೂತ. "ಅವಳು ನನ್ನ ತೂಬಿನ ಬೀಗ ಮೂರು ಸಲ ಒಡೆದು ನೀರು ಕದ್ದೋಳು! ಅವಳಿಗೆ ಬಗ್ಗಿ ನಿಮ್ಮಪ್ಪಂಗೆ ಬಗ್ಲಿಲ್ವಾ?"

"ಇಲ್ಲ."

"ಆ ಸಲ ಎಷ್ಟು ಓಟಲ್ಲಿ ಗೆದ್ದೆ?"

"ಗೆಲ್ಲಲಿಲ್ಲ. ಸಮ ಬಂತು. ಚೀಟಿ ಎತ್ತಿದ್ರು."

ಅಜ್ಜ ಊರುಗೋಲು ಚಾಚಿ ಹದಿನೇಳು ಪಟಗಳನ್ನು ಒಂದೊಂದಾಗಿ ಎಣಿಸಿದ.

"ತಿಂತೀನಿ," ಎಂದ ಕೊನೆಗೆ. "ಆದ್ರೆ ಒಂದು ಮಾತು. ನಿಮ್ಮಪ್ಪನ ಫೋಟೋ ಇಲ್ಲಿ, ಈ ಅಂಗಳದಲ್ಲಿ ಇಡ್ಬೇಕು. ಈ ಹದಿನೇಳು ಜನಾನೂ ಬಂದು ಬಗ್ಬೇಕು. ಆಮೇಲೆ ತಿಂತೀನಿ."

ಕಾರಿನಲ್ಲಿ ಇದನ್ನು ಕೇಳಿದ ಫಾನ್ ಸೀಟಿನ ಮೇಲೆ ಕುಣಿದ. "ಅಕ್ಕಾ, ಇದಕ್ಕಿಂತ ಒಳ್ಳೇದು ಏನ್ ಬೇಕು! ಟೀವಿಯೋರನ್ನ ಕರೆಸ್ತೀನಿ. ನೀವು ಅಳ್ಬೇಕು. ತುಂಬಾ ಬೇಡ, ಎಡಗಣ್ಣಲ್ಲಿ ಸಾಕು."

"ಮಾಡಲ್ಲ," ಎಂದಳು ಲಿಯೆನ್.

"ಯಾಕೆ?"

"ನೀನು ಖುಷಿಪಟ್ಟೆ ನೋಡು, ಅದಕ್ಕೆ."

ಆರು ದಿನ ಹಾಗೆಯೇ ಹೋಯಿತು. ಅವಳು ಬಟ್ಟಲು ತರುವಳು, ಅಜ್ಜ ಮೂಸುವನು, ಫೋಟೋ ಎಲ್ಲಿ ಎನ್ನುವನು. ಅವಳು ಬಟ್ಟಲು ವಾಪಸು ಒಯ್ಯುವಳು. ಮತದಾನಕ್ಕೆ ಎರಡು ದಿನವಿದ್ದಾಗ, ಗುರುವಾರ ಬೆಳಿಗ್ಗೆ, ಅಜ್ಜನಿಗೆ ಬಿಕ್ಕಳಿಕೆ ಹತ್ತಿತು. ಎದುರುಮನೆಯ ವೈದ್ಯ ಚಪ್ಪಲಿ ಬಿಟ್ಟು ಓಡಿಬಂದ. ಹತ್ತು ನಿಮಿಷದಲ್ಲಿ ಅರ್ಧ ಊರು ದಕ್ಷಿಣ ಬೀದಿಯಲ್ಲಿತ್ತು. ಶಾವ್‌ನ ವ್ಯಾನು ಬಂದು ಪ್ರಾರ್ಥನೆಯ ಸದ್ದು ಏರಿಸಿತು. ಒಂದೂಕಾಲು ಗಂಟೆ ಬಿಕ್ಕಿ ಅಜ್ಜ ನಿಲ್ಲಿಸಿದ. ಗುಂಪಿನ ಹಿಂದೆ ನಿಂತಿದ್ದ ಲಿಯೆನ್ ತಾನು ಎಣಿಸುತ್ತಿದ್ದೇನೆಂದು ಆಗ ಗಮನಿಸಿದಳು. ಬಿಕ್ಕಳಿಕೆಯನ್ನಲ್ಲ, ಈ ಮನೆತನದ ಓಟುಗಳನ್ನು. ಅಲ್ಲಿಂದ ಯಾರಿಗೂ ಹೇಳದೆ, ಮೇಲಂಗಿ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಯುಚಾನ್‌ಳ ಅಂಗಡಿಗೆ ನಡೆದಳು.

ಅವಳ ಬಳಿ ಅಪ್ಪನದೆಂದು ಇದ್ದದ್ದು ಫೋನಿನಲ್ಲಿ ಒಂದೇ ಚಿತ್ರ. ಕಾಲುವೆಯ ದೋಣಿಯಲ್ಲಿ ಅಪ್ಪ, ಮೈಮೇಲೆ ಹರಿದ ಬನಿಯನ್ನು, ಎರಡೂ ಕಂಕುಳಲ್ಲಿ ಒಂದೊಂದು ಬಾತುಕೋಳಿ.

"ಇದನ್ನ ದೊಡ್ಡದು ಮಾಡ್ಕೊಡು ಯುಚಾನ್. ಕಪ್ಪು ಚೌಕಟ್ಟು. ನಾಳೆ ಬೆಳಿಗ್ಗೆಗೆ ಬೇಕು. ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ ಮೇಯರಮ್ಮಾ! ಬಾತುಕೋಳಿ?"

"ಬಾತುಕೋಳಿ ಏನು?"

"ಏನಿಲ್ಲ, ಏನಿಲ್ಲ. ನಾನ್ ನೋಡ್ಕೋತೀನಿ."

ಲಿಯೆನ್ ರಸ್ತೆ ದಾಟುವುದರೊಳಗೆ ಯುಚಾನ್ ಫೋನ್ ಎತ್ತಿದ್ದಳು. ಈ ಸಲ ಫಾನ್‌ಗೆ ಮಾತ್ರ ಮಾಡಿದರೆ ಅನ್ಯಾಯವೆನಿಸಿ ಎಲ್ಲ ಕಚೇರಿಗಳಿಗೂ ಮಾಡಿದಳು. ಮೇಯರಿನ ತಂದೆ ತೀರಿಕೊಂಡಿದ್ದಾರೆ. ಯಾವಾಗ ಎಂದು ಯಾರೂ ಕೇಳಲಿಲ್ಲ. ಚಪ್ಪರ ಎಲ್ಲಿ ಎಂದು ಮಾತ್ರ ಕೇಳಿದರು. ತಿಳಿಯದೆ, ಮೇಯರ್ ದಿನವೂ ಹೋಗುವ ಜಾಗವೆಂದು ದಕ್ಷಿಣ ಬೀದಿಗೆ ಕಳಿಸಿದರು. ಕತ್ತಲಾಗುವುದರೊಳಗೆ ಅಜ್ಜನ ಅಂಗಳದಲ್ಲಿ ಹಳೆಯ ಹದಿನೇಳರ ಎದುರು ಹೊಸ ಇಪ್ಪತ್ತಮೂರು ಪಟಗಳಿದ್ದವು. ಎಲ್ಲಕ್ಕೂ ಅಜ್ಜನೇ ಸಹಿ ಹಾಕಿ, ನಮನ ನಾಳೆ ಬೆಳಿಗ್ಗೆ ಇಲ್ಲೇ ಎಂದು ಹೇಳಿ ಕಳಿಸಿದ್ದ. ಶಾವ್ ಈ ಸಲ ಮೊದಲಿಗ. ಅವನ ಪಟದಲ್ಲಿ 'ಈ ಊರಿನ ಮಣ್ಣು ಇವರನ್ನು ಮರೆಯದು' ಎಂದಿತ್ತು. ಕಾವ್ ವಾನ್ ಉತ್ ಈ ಊರಿನ ಮಣ್ಣನ್ನು ಒಮ್ಮೆಯೂ ಮೆಟ್ಟಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಲಿಯೆನ್ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಕಾಗದ ಸುತ್ತಿದ ಚೌಕಟ್ಟು ಹಿಡಿದು ಆ-ಹೊಕ್‌ನ ಜೊತೆ ಬಂದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಮೇಲಂಗಿಯ ಕಪ್ಪು ಮುಖ ಹೊರಗಿತ್ತು. ಅಂತ್ಯಕ್ರಿಯೆಗಳಲ್ಲಿ ಹೆಸರು ಕೂಗುವವನು ಯಾರೂ ಕರೆಯದೆಯೇ ಮೈಕು ತಂದಿದ್ದ.

"ಫಾನ್," ಎಂದಳು ಲಿಯೆನ್.

"ನನ್ನಾಣೆ ನಾನಲ್ಲ ಅಕ್ಕಾ. ನನಗೆ ಕೊನೇಗೆ ಗೊತ್ತಾಗಿದ್ದು. ನಮ್ಮ ಕಚೇರಿ ಪಟ ಇಪ್ಪತ್ತಮೂರನೇದು." ಅವನಿಗೆ ನಿಜವಾಗಿಯೂ ಅವಮಾನವಾಗಿತ್ತು. ಮೇಯರಿನ ಕಚೇರಿ ಮೇಯರಿನ ಅಪ್ಪನಿಗೆ ಕಳಿಸಿದ ಪಟ ಕಕ್ಕಸಿನ ಗೋಡೆಯ ಮೇಲಿತ್ತು.

ಅಜ್ಜ ಮೇಜು ಇಡಿಸಿದ್ದ. ಲಿಯೆನ್ ಕಾಗದ ಬಿಚ್ಚಿದಳು. ಬಿಚ್ಚಿ ಹಾಗೇ ನಿಂತಳು.

ಯುಚಾನ್ ಸತ್ತವರ ಫೋಟೋಗೆಲ್ಲ ಕಪ್ಪು ಕೋಟು, ಟೈ ಅಂಟಿಸುತ್ತಾಳೆ. ಬದುಕಿಡೀ ಬನಿಯನ್ನಿನಲ್ಲಿದ್ದವರೂ ಅವಳ ಕೈಗೆ ಸಿಕ್ಕಿದರೆ ಬ್ಯಾಂಕ್ ಮ್ಯಾನೇಜರ್ ಆಗುತ್ತಾರೆ. ಕಾವ್ ವಾನ್ ಉತ್‌ಗೂ ಕೋಟು ಬಂದಿತ್ತು. ಎಡಗಡೆಯ ಬಾತುಕೋಳಿಯನ್ನು ಯುಚಾನ್ ಪೂರ್ತಿ ಅಳಿಸಿದ್ದಳು. ಬಲಗಡೆಯದು ಅಪ್ಪನ ಕೆನ್ನೆಗೆ ತೀರ ಒತ್ತಿಕೊಂಡಿದ್ದರಿಂದ ಅಳಿಸಿದರೆ ಕಿವಿ ಹೋಗುತ್ತಿತ್ತು. ಹಾಗಾಗಿ ಕೋಟಿನ ಕಂಕುಳಿಂದ ಒಂದು ಬಾತುಕೋಳಿಯ ಕತ್ತು ಮೇಲೆದ್ದು, ಅಪ್ಪನ ಪಕ್ಕದಲ್ಲೇ ನೆಟ್ಟಗೆ ಜನರನ್ನು ನೋಡುತ್ತಿತ್ತು.

ಯಾರೂ ಏನೂ ಹೇಳಲಿಲ್ಲ. ಇಂಥ ಕಡೆ ಏನೂ ಹೇಳದಿರುವುದೇ ಅವರೆಲ್ಲರ ಕಸುಬು.

"ಶಾಸಕ ಶಾವ್ ಅವರಿಂದ ನಮನ," ಎಂದ ಮೈಕಿನವನು. ಶಾವ್ ಮುಂದೆ ಬಂದ. "ಮೊದಲನೇ ನಮನ." ಶಾವ್ ಕಾ ಮಾವ್‌ನ ಬಾತುಕೋಳಿ ಕಾಯುವವನಿಗೂ ಅವನ ಬಾತುಕೋಳಿಗೂ ಸೊಂಟದವರೆಗೆ ಬಗ್ಗಿದ. "ಎರಡನೇ ನಮನ." ಮತ್ತೆ ಬಗ್ಗಿದ. ಅವನ ಪಕ್ಕದಲ್ಲಿ ಲಿಯೆನ್ ಕೂಡ ಬಗ್ಗುತ್ತಿದ್ದಳು. ನಮನ ಎಂದು ಕೇಳಿದ ಕೂಡಲೇ ಕಾಲು ತಾನಾಗಿ ಬಂದವರ ಸಾಲಿಗೆ ನಡೆದಿತ್ತು, ಸೊಂಟ ತಾನಾಗಿ ಬಗ್ಗಿತ್ತು.

ಅಜ್ಜ ಊರುಗೋಲಿನಿಂದ ಅವಳ ಮೊಣಕಾಲಿಗೆ ತಟ್ಟಿದ.

"ಎಲ್ಲಿ ನಿಂತಿದೀಯಮ್ಮಾ? ಈ ಕಡೆ ಬಾ. ಇವತ್ತು ನೀನು ಮನೆಯೋಳು."

ಅವಳು ಎಡಕ್ಕೆ ಹೋಗಿ ಆ-ಹೊಕ್‌ನ ಪಕ್ಕ ನಿಂತಳು. ಅಲ್ಲಿಂದ ಎಲ್ಲ ಬೇರೆಯಾಗಿ ಕಾಣುತ್ತಿತ್ತು. ಬಗ್ಗುವವರು ಯಾರೂ ಫೋಟೋ ನೋಡುವುದಿಲ್ಲವೆಂದು ಅವಳಿಗೆ ಮೊದಲ ಸಲ ತಿಳಿಯಿತು. ಅವರು ನೋಡುವುದು ಮನೆಯವರ ಸಾಲಿನಲ್ಲಿ ಎಷ್ಟು ತಲೆಗಳಿವೆ ಎಂದು. ಇಲ್ಲಿ ಎರಡಿದ್ದವು. "ಮೂರನೇ ನಮನ. ಮನೆಯವರು ವಂದಿಸುತ್ತಾರೆ." ಅವಳು ಶಾವ್‌ಗೆ ತಿರುಗಿ ನಮಿಸಿದಳು. ಇಪ್ಪತ್ತಮೂರು ಸಲ ನಮಿಸಿದಳು. ಏಳನೆಯದೋ ಎಂಟನೆಯದೋ ಆಗುವಾಗ ಎರಡೂ ಕಣ್ಣಿನಿಂದ ನೀರು ಬರುತ್ತಿತ್ತು. ಟೀವಿಯವರು ಇರಲಿಲ್ಲ. "ವೀಸಾ ಕೊಟ್ಟಿದ್ರು," ಎಂದು ಅವಳು ಗಂಡನಿಗೆ ಹೇಳಿದಳು. "ಗೊತ್ತು," ಎಂದ ಆ-ಹೊಕ್. "ಟಿಕೆಟ್ ನಿನ್ನ ಅಂಗಿ ಜೇಬಲ್ಲೇ ಇತ್ತು. ಒಗೆದಿದ್ದು ನಾನು."

ಆಮೇಲೆ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದರು. ಲಿಯೆನ್ ಬಟ್ಟಲಿನ ಮುಚ್ಚಳ ತೆಗೆದಳು. ಆಗ ಫಾನ್‌ಗೆ ಹೊಸ ಚಿಂತೆ ಹುಟ್ಟಿತು.

"ಅಕ್ಕಾ, ಅಜ್ಜಂಗೆ ಒಂದು ಹಲ್ಲೂ ಇಲ್ಲ. ಗಂಟಲಿಗೆ ಸಿಕ್ಕಿದ್ರೆ? ಕತ್ತರಿಸಿ ಕೊಡಿ."

"ಕತ್ತರಿಸಿದ್ರೆ ಆಯುಷ್ಯ ಹೋಗುತ್ತೆ ಕಣೋ," ಎಂದ ಹಿಂದಿನಿಂದ ಯಾರೋ.

"ಕತ್ತರಿಸದಿದ್ರೆ ಈಗ್ಲೇ ಹೋಗುತ್ತೆ!"

ಶಾವ್ ಹೊರಡಲು ಅಂಗಿ ತಿರುಗಿಸಿದ್ದವನು ಮತ್ತೆ ಕಪ್ಪು ಮಾಡಿಕೊಂಡು ನಿಂತ.

ಲಿಯೆನ್ ಅಜ್ಜನ ಮುಂದೆ ಮಣೆ ಹಾಕಿ ಕೂತಳು. ಒಂದು ಎಳೆಯ ತುದಿಯನ್ನು ಊಟದ ಕಡ್ಡಿಗಳಿಂದ ಎತ್ತಿ, ಸಾರಿನ ಚಮಚದಲ್ಲಿ ಸುರುಳಿ ಮಾಡಿ ತುಟಿಗೆ ಹಿಡಿದಳು. ಅತ್ತೆಗೆ ನಾಲ್ಕು ವರ್ಷ ಹಿಡಿದ ಹಾಗೆ. ಅಜ್ಜ ಬಾಯಿ ತೆರೆದ. ಎಳೆ ಒಳಗೆ ಹೋಯಿತು, ಕರಗಿತು, ಉಳಿದದ್ದು ಹಿಂದೆಯೇ ಹೋಯಿತು, ಎಲ್ಲಿಯೂ ತುಂಡಾಗಲಿಲ್ಲ. ಅಂಗಳದಲ್ಲಿ ಇನ್ನೂರು ಜನ ಉಸಿರು ಬಿಡಲಿಲ್ಲ. ಎದುರುಮನೆಯ ವೈದ್ಯ ಕೈ ಮುಗಿದುಕೊಂಡಿದ್ದ. ಒಂದು ಎಳೆಗೆ ಹನ್ನೊಂದು ನಿಮಿಷ ಹಿಡಿಯಿತು.

ಅಜ್ಜ ಬಾಯಿ ಒರೆಸಿಕೊಂಡ.

"ಇವತ್ತು ಸೋಂಪು ಸರಿಯಾಗಿದೆ," ಎಂದ.

ಪಟಾಕಿ ಹಚ್ಚಿದರು. ಹೊಗೆ ಇಳಿಯುವುದರೊಳಗೆ ಅಂಗಳ ಖಾಲಿಯಾಗಿತ್ತು. ಹತ್ತು ಗಂಟೆಗೆ ಮೀನುಪೇಟೆಯಲ್ಲಿ ಬೇರೊಂದು ಅಂತ್ಯಕ್ರಿಯೆಯಿತ್ತು. ಅಜ್ಜ ಹೇಳಿದ್ದು ನಿಜವಾಯಿತು: ಅವನು ಬದುಕಿ ನಾಲ್ಕು ನಿಮಿಷವಾಗಿತ್ತು, ಆಗಲೇ ಯಾರೂ ಇರಲಿಲ್ಲ. ಫಾನ್ ಕಾರಿನ ಬಾಗಿಲು ತೆರೆದು ಹಿಡಿದು ಗಡಿಯಾರ ತೋರಿಸಿದ. ಆರುನೂರು ಜನ ಸೇರುತ್ತಾರೆ ಎಂದ. ಲಿಯೆನ್ ಬಟ್ಟಲು ಕೆಳಗಿಡಲಿಲ್ಲ.

"ಇನ್ನೂ ಅರ್ಧ ಇದೆ," ಎಂದಳು. ಎರಡನೆಯ ಎಳೆ ಎತ್ತಿದಳು.

ಮರುದಿನ ಅವಳು ಇನ್ನೂರ ಹನ್ನೆರಡು ಓಟುಗಳಿಂದ ಗೆದ್ದಳು. ಮೀನುಪೇಟೆಯ ಮತಗಟ್ಟೆಯಲ್ಲಿ ಸೋತಳು. ಅಲ್ಲಿಯವರು ಅವಳು ಬಾರದ್ದನ್ನು ಇನ್ನೂ ಹೇಳುತ್ತಾರೆ. ಅಜ್ಜನಿಗೆ ಈಗ ತೊಂಬತ್ತನಾಲ್ಕು. ಆ ಸಲ ಯಾರಿಗೆ ಓಟು ಹಾಕಿದಿರಿ ಎಂದು ಕೇಳಿದರೆ ನೆನಪಿಲ್ಲ ಎನ್ನುತ್ತಾನೆ. ಲಿಯೆನ್ ತಿಂಗಳಿಗೊಮ್ಮೆ ರಾಜಧಾನಿಯಿಂದ ಬಂದಾಗ ಬಟ್ಟಲು ತರುತ್ತಾಳೆ. ಅವನಿಗೆ ಯಾವ ಕೆಡುಕೂ ಅಂಟಿಲ್ಲದಿದ್ದರೂ ತಿನ್ನುತ್ತಾನೆ.

ರಾಜಧಾನಿಯ ಅವಳ ಕಚೇರಿಯಲ್ಲಿ ಕುರ್ಚಿಯ ಹಿಂದೆ ಕೋಟು ತೊಟ್ಟ ಮನುಷ್ಯನ ಚಿತ್ರವಿದೆ. ಬಂದವರು ಇವರು ಯಾರು ಎಂದು ಕೇಳುತ್ತಾರೆ. ಅಪ್ಪ ಎನ್ನುತ್ತಾಳೆ. ಬಾತುಕೋಳಿಯ ಬಗ್ಗೆ ಈವರೆಗೆ ಒಬ್ಬರೂ ಕೇಳಿಲ್ಲ.